ಬೀಗದ ಒಳಗೆ ಉಳಿದ ಪುಸ್ತಕಗಳು

2020ರ ಮಾರ್ಚ್ 13ರ ಶುಕ್ರವಾರ, ಕೊರೊನಾ ಕಾರಣಕ್ಕೆ ಮರುದಿನದಿಂದ ಒಂದು ವಾರ ಕಾಲೇಜುಗಳಿಗೆ ರಜೆ ಎಂಬ ಸುದ್ದಿ ಬಂದಾಗ, ಆ ದಿನ ವಾಪಸಾಗಿದ್ದ ಪುಸ್ತಕಗಳನ್ನು ಕೌಂಟರಿನ ಮೇಲೆಯೇ ಬಿಟ್ಟು ಬೀಗ ಹಾಕಿ ಮನೆಗೆ ಹೊರಟೆ. ವಾರ ಕಳೆದ ಮೇಲೆ ಬಂದು ಕಪಾಟಿಗೆ ಜೋಡಿಸಿದರಾಯಿತು ಎಂದುಕೊಂಡಿದ್ದೆ. ಅವುಗಳನ್ನು ನಾನು ಮತ್ತೆ ಕೈಗೆತ್ತಿಕೊಂಡದ್ದು ಜೂನ್ ತಿಂಗಳಲ್ಲಿ, ಮಳೆ ಹಿಡಿದ ಮೇಲೆ.

ನಾನು ಮಲೆನಾಡಿನ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಗ್ರಂಥಪಾಲಕಿ. ನಮ್ಮ ಕಡೆ ಮಳೆಗಾಲದಲ್ಲಿ ಪುಸ್ತಕಗಳನ್ನು ಕಾಪಾಡುವುದು ನುಸಿಗುಳಿಗೆಯಲ್ಲ, ಓದುವವರ ಕೈ. ದಿನವೂ ತೆಗೆದು, ತಿರುವಿ, ಇಡುವ ಪುಸ್ತಕಕ್ಕೆ ಬೂಷ್ಟು ಅಷ್ಟು ಸುಲಭವಾಗಿ ಹತ್ತುವುದಿಲ್ಲ. ಮೂರು ತಿಂಗಳು ಕಿಟಕಿ ತೆರೆಯದಿದ್ದ ಆ ಕೋಣೆಯ ಬಾಗಿಲು ತಳ್ಳಿದಾಗ ಬಂದ ವಾಸನೆ ಇನ್ನೂ ನೆನಪಿದೆ. ಕ್ಯಾಲಿಕೋ ಬಟ್ಟೆಯ ಬೈಂಡಿನ ಬೆನ್ನುಗಳ ಮೇಲೆ ಬಿಳಿ ಪುಡಿಯಂತೆ ಬೂಷ್ಟು ಕೂತಿತ್ತು. ಗೋಡೆಗೆ ತಾಗಿದ್ದ ಕಪಾಟಿನ ಕೆಳಸಾಲಿನಲ್ಲಿ ಗೆದ್ದಲು ಮಣ್ಣಿನ ಗೆರೆ ಎಳೆದಿತ್ತು. ನಾನೂ ಅಟೆಂಡರೂ ಎರಡು ವಾರ ಕಾಲ ಪುಸ್ತಕಗಳನ್ನು ಅರ್ಧ ತೆರೆದು, ನೆಲದ ಮೇಲೆ ನಿಲ್ಲಿಸಿ, ಫ್ಯಾನಿನ ಗಾಳಿಗೆ ಒಣಗಿಸಿದೆವು. ಗ್ರಂಥಾಲಯ ಮುಚ್ಚಿದರೆ ಪುಸ್ತಕಗಳಾದರೂ ಇದ್ದಲ್ಲೇ ಸುರಕ್ಷಿತವಾಗಿರುತ್ತವೆ ಎಂದು ನಂಬಿದ್ದವಳು ನಾನು.

ಅಷ್ಟರಲ್ಲಿ ಎಲ್ಲ ಕಡೆಯಿಂದಲೂ ಇ-ಸಂಪನ್ಮೂಲಗಳನ್ನು ವಿದ್ಯಾರ್ಥಿಗಳಿಗೆ ತಲುಪಿಸಬೇಕು ಎಂಬ ಮಾತು ಕೇಳಿಬರುತ್ತಿತ್ತು. ನಾನು ಅದನ್ನು ಮನಸ್ಸಿಟ್ಟೇ ಮಾಡಿದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಎನ್‌-ಲಿಸ್ಟ್ ಯೋಜನೆಯಲ್ಲಿ ನಮ್ಮಂಥ ಕಾಲೇಜುಗಳಿಗೆ ಸಣ್ಣ ವಾರ್ಷಿಕ ಶುಲ್ಕಕ್ಕೆ ಸುಮಾರು 6,000 ನಿಯತಕಾಲಿಕೆಗಳೂ ಲಕ್ಷಕ್ಕೂ ಮೀರಿದ ಇ-ಪುಸ್ತಕಗಳೂ ಆಗ ಸಿಗುತ್ತಿದ್ದವು, ಮನೆಯಿಂದಲೇ ಓದಬಹುದಿತ್ತು. ವಿದ್ಯಾರ್ಥಿಗಳ ಹೆಸರು, ಇ-ಮೇಲ್ ಪಟ್ಟಿ ಮಾಡಿ, ಪಾಸ್‌ವರ್ಡ್ ಕೊಡಿಸಿ, ಬಳಸುವ ವಿಧಾನವನ್ನು ವಾಟ್ಸಾಪ್ ಗುಂಪಿನಲ್ಲಿ ಕನ್ನಡದಲ್ಲಿ ಬರೆದು ಹಾಕಿದೆ. ಇಂಗ್ಲಿಷಿನ ಅಧ್ಯಾಪಕರಿಗೂ ಕೆಲವು ಬಿ.ಎಸ್ಸಿ. ವಿದ್ಯಾರ್ಥಿಗಳಿಗೂ ಅದು ನಿಜಕ್ಕೂ ಉಪಯೋಗವಾಯಿತು. ಆದರೆ ನಮ್ಮಲ್ಲಿ ಬಹುಪಾಲು ಮಕ್ಕಳು ಕನ್ನಡ ಮಾಧ್ಯಮದ ಬಿ.ಎ. ಓದುವವರು. ಅಂತಿಮ ವರ್ಷದ ಒಬ್ಬ ಹುಡುಗಿ ಮೂರನೆಯ ದಿನ ಫೋನ್ ಮಾಡಿ, "ಮೇಡಂ, ಇದ್ರಲ್ಲಿ ನಮ್ ಸಿಲಬಸ್ಸಿನ ಪುಸ್ತಕ ಎಲ್ಲಿದೆ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಕಣಜ, ಭಾರತವಾಣಿಯಂಥ ತಾಣಗಳಲ್ಲಿ ಕನ್ನಡದ ಒಳ್ಳೆಯ ಸಾಮಗ್ರಿಯಿದೆ, ಹಳೆಯ ಸಾಹಿತ್ಯ ಕೃತಿಗಳು ಸ್ಕ್ಯಾನ್ ಆಗಿಯೂ ಸಿಗುತ್ತವೆ. ಆದರೆ ಅವಳಿಗೆ ಬೇಕಾಗಿದ್ದ ಇತಿಹಾಸದ, ರಾಜ್ಯಶಾಸ್ತ್ರದ ಪಠ್ಯಗಳು ಇದ್ದದ್ದು ನಮ್ಮ ಕಪಾಟಿನಲ್ಲಿ ಮಾತ್ರ.

ಅವಳು ಮಾತನಾಡುತ್ತಿದ್ದದ್ದು ಮನೆಯ ಹಿಂದಿನ ಗುಡ್ಡ ಹತ್ತಿ ನಿಂತು, ಅಲ್ಲಿ ಮಾತ್ರ ಸಿಗ್ನಲ್ ಸಿಗುತ್ತಿತ್ತಂತೆ. ಅಂದಿನಿಂದ ನಾನು ವಾರಕ್ಕೆ ಎರಡು ದಿನ ಗ್ರಂಥಾಲಯಕ್ಕೆ ಹೋಗಿ, ಅಧ್ಯಾಪಕರು ಗುರುತಿಸಿದ ಒಂದೊಂದೇ ಪಾಠವನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, ಕಡತ ಹಗುರವಾಗಲೆಂದು ಕಪ್ಪುಬಿಳುಪಿಗಿಳಿಸಿ ಕಳಿಸಿದೆ. ಇಡೀ ಪುಸ್ತಕ ಕಳಿಸಲು ನನ್ನ ಮನಸ್ಸು ಒಪ್ಪಲಿಲ್ಲ, ಬರೆದವರ ಹಕ್ಕು ಅಲ್ಲಿತ್ತು. ಪಾಠದ ಅಗತ್ಯಕ್ಕೆ ಭಾಗಗಳನ್ನು ನಕಲು ಮಾಡಿಕೊಡುವುದರ ಬಗ್ಗೆ 2016ರಲ್ಲಿ ದೆಹಲಿ ಹೈಕೋರ್ಟ್ ಕೊಟ್ಟ ತೀರ್ಪು ಧೈರ್ಯ ತಂದಿತ್ತು. 2021ರಲ್ಲಿ ಸರ್ಕಾರ ಪದವಿ ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಟ್ಟಿತು. ಟ್ಯಾಬಿನೊಳಗೆ ತೆರೆದು ಓದಲು ಕನ್ನಡದ ಪಠ್ಯ ಬೇಕಲ್ಲ, ಆ ಕೊರತೆ ಹಾಗೆಯೇ ಉಳಿಯಿತು.

2020ರ ನವೆಂಬರ್ 17ರಿಂದ ಕಾಲೇಜು ತೆರೆದಾಗ, ಕೊರೊನಾ ಪರೀಕ್ಷೆಯ ವರದಿಯನ್ನೂ ಪೋಷಕರ ಒಪ್ಪಿಗೆ ಪತ್ರವನ್ನೂ ಹಿಡಿದು ಬಂದವರು ಬೆರಳೆಣಿಕೆಯಷ್ಟು. ವಾಪಸು ಬಂದ ಪುಸ್ತಕಗಳನ್ನು ಮೂರು ದಿನ ಬೇರೆ ಬೆಂಚಿನ ಮೇಲಿಡುತ್ತಿದ್ದೆವು, ಪ್ರತಿ ಗುಪ್ಪೆಯ ಮೇಲೆ ತಾರೀಕು ಬರೆದ ಚೀಟಿ ಇರುತ್ತಿತ್ತು. ವಸ್ತುಗಳ ಮೇಲ್ಮೈಯಿಂದ ಸೋಂಕು ತಗಲುವ ಸಂಭವ ತೀರ ಕಡಿಮೆ ಎಂದು ಮುಂದೆ ತಿಳಿದುಬಂದರೂ, ಆಗ ಆ ಎಚ್ಚರ ಸರಿಯೇ ಆಗಿತ್ತು. ನನಗೆ ಹೆಚ್ಚು ನೋವಾದದ್ದು ಓದುವ ಕೊಠಡಿಯ ವಿಷಯದಲ್ಲಿ. ಅರ್ಧಕ್ಕಿಂತ ಹೆಚ್ಚು ಕುರ್ಚಿಗಳನ್ನು ಎತ್ತಿ ಮೂಲೆಯಲ್ಲಿ ಪೇರಿಸಿದೆವು, ದಿನಪತ್ರಿಕೆಯ ಸ್ಟ್ಯಾಂಡನ್ನು ತೆಗೆದುಹಾಕಿದೆವು. ಎಫ್‌ಡಿಎ, ಪಿಡಿಒದಂಥ ಸರ್ಕಾರಿ ಹುದ್ದೆಗಳ ಪರೀಕ್ಷೆಗೆ ತಯಾರಾಗುತ್ತಿದ್ದ ಹಳೆಯ ವಿದ್ಯಾರ್ಥಿಗಳನ್ನು ಬಾಗಿಲಲ್ಲೇ ತಡೆಯಬೇಕಾಯಿತು. ಮನೆಯಲ್ಲಿ ಕೂತು ಓದಲು ಒಂದು ಮೇಜೂ ಇಲ್ಲದವರಿಗೆ ಆ ಕುರ್ಚಿಯೇ ಗ್ರಂಥಾಲಯ. ಇ-ಸೇವೆಯ ಯಾವ ವರದಿಯಲ್ಲಿಯೂ ಅದರ ಲೆಕ್ಕ ಬರುವುದಿಲ್ಲ.

ಗುಡ್ಡದ ಮೇಲಿನಿಂದ ಫೋನ್ ಮಾಡುತ್ತಿದ್ದ ಹುಡುಗಿ ಪುಸ್ತಕ ಬಾಕಿಯಿಲ್ಲ ಎಂಬ ನೋ ಡ್ಯೂ ಪತ್ರ ಪಡೆಯಲು ಬಂದಾಗ, ರಜೆಗೆ ಮುನ್ನ ಒಯ್ದಿದ್ದ ಒಂದೇ ಒಂದು ಪುಸ್ತಕವನ್ನು ಕಂದು ರಟ್ಟು ಹಾಕಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದಳು. ಪಕ್ಕದ ಮನೆಯ ಇಬ್ಬರು ಗೆಳತಿಯರೂ ಅದನ್ನೇ ಓದಿ ಪರೀಕ್ಷೆ ಬರೆದರಂತೆ. ಪ್ರಾಂಶುಪಾಲರು ತಡವಾದವರಿಗೆಲ್ಲ ದಂಡ ಮನ್ನಾ ಮಾಡಿದ್ದರು. ಅಂದಿನಿಂದ ಪ್ರತಿ ದೀರ್ಘ ರಜೆಗೆ ಮುನ್ನ ನಾನು ವಿದ್ಯಾರ್ಥಿಗಳಿಗೆ ಎರಡರ ಬದಲು ನಾಲ್ಕು ಪುಸ್ತಕ ಕೊಡುತ್ತೇನೆ. ಕೊನೆಯ ವಾರ ಕಪಾಟು ಖಾಲಿಯಾದಷ್ಟೂ ನನಗೆ ಸಮಾಧಾನ.