ಕರೆಂಟು ಹೋದಾಗ ಅನಿಮೋನ್ ಎಲ್ಲಿದೆ ನೋಡಿ

ಆರಿದ್ರಾ ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರದ ಕಡೆ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗುವುದು ಮಾಮೂಲು. ಮನೆಯಲ್ಲಿ ಉಪ್ಪುನೀರಿನ ಟ್ಯಾಂಕಿಟ್ಟು ಬಬಲ್ ಟಿಪ್ ಅನಿಮೋನ್ ಎಂಬ ಕಡಲಜೀವಿ ಸಾಕುವವರಿಗೆ ಆಗ ದೊಡ್ಡ ಅಪಾಯ ವೇವ್‌ಮೇಕರಿನದು, ಅಂದರೆ ಟ್ಯಾಂಕಿನೊಳಗೆ ಅಲೆ ಎಬ್ಬಿಸುವ ಸಣ್ಣ ಪಂಪಿನದು.

ಅನಿಮೋನ್ ನೋಡಲು ಹೂವಿನಂತಿದ್ದರೂ ನಡೆದಾಡುವ ಪ್ರಾಣಿ. ನೀರಿನ ಹರಿವು ನಿಂತರೆ ಪಾದ ಸಡಿಲಿಸಿ ಬೇರೆ ಜಾಗ ಹುಡುಕುತ್ತದೆ. ನಿಂತ ವೇವ್‌ಮೇಕರಿನ ಜಾಲರಿ ಮೇಲೆ ಹೋಗಿ ಕೂತಿತೋ, ಕರೆಂಟು ಬಂದ ಕೂಡಲೇ ರೆಕ್ಕೆ ಅದನ್ನು ಚೂರು ಮಾಡುತ್ತದೆ. ಆ ಚೂರು ಕೊಳೆತು ಅಮೋನಿಯಾ ಏರಿದರೆ ಮೀನೂ ಉಳಿಯುವುದಿಲ್ಲ. ಕರೆಂಟು ಹೋದೊಡನೆ ವೇವ್‌ಮೇಕರಿನ ಸ್ವಿಚ್ ಆರಿಸಿಬಿಡಿ. ಮತ್ತೆ ಹಾಕುವ ಮೊದಲು ಟಾರ್ಚ್ ಬಿಟ್ಟು ನೋಡಿ. ನೀವು ಮಲಗಿದ್ದಾಗ ಕರೆಂಟು ಹೋಗಿ ಬಂದರೆ ಕಾಯುವುದು ಜಾಲರಿಗೆ ಹಾಕಿದ ಒರಟು ಸ್ಪಂಜಿನ ಕವಚ ಮಾತ್ರ. ಅದನ್ನು ವಾರಕ್ಕೊಮ್ಮೆ ತೊಳೆಯಬೇಕು, ಇಲ್ಲದಿದ್ದರೆ ಕಸ ಕಟ್ಟಿ ಹರಿವು ಕುಗ್ಗುತ್ತದೆ.

ಈಗಾಗಲೇ ಹತ್ತಿ ಕೂತಿದ್ದರೆ ಎಳೆಯಬೇಡಿ. ಪಾದ ಹರಿದರೆ ಬದುಕುವುದು ಕಷ್ಟ. ವೇವ್‌ಮೇಕರ್ ಆರಿಸಿ, ಬ್ಯಾಟರಿ ಏರ್ ಪಂಪ್ ಹಾಕಿ, ತಾನಾಗಿ ಇಳಿಯುವವರೆಗೆ ಬಿಡಿ. ಗಾಯವಾಗಿದ್ದರೆ ಸುಮಾರು 25% ನೀರು ಬದಲಿಸಿ, ನೀರಿನ ಕಲ್ಮಶ ಹೀರುವ ಆಕ್ಟಿವೇಟೆಡ್ ಕಾರ್ಬನ್ ಹೊಸದಾಗಿ ಇಡಿ. ಸಣ್ಣ ಗಾಯ ಮಾಯುತ್ತದೆ. ಬಾಯಿ ಜೋತು ತೆರೆದೇ ಇದ್ದು, ಮೈ ಕರಗಿ ವಾಸನೆ ಬಂದರೆ ತಡ ಮಾಡದೆ ಹೊರಗೆ ತೆಗೆಯಿರಿ. ಆಗೊಮ್ಮೆ ಈಗೊಮ್ಮೆ ಕುಗ್ಗಿ ಕಂದು ಕಸ ಉಗುಳುವುದಕ್ಕೆ ಮಾತ್ರ ಗಾಬರಿ ಬೇಡ, ಅದು ಸಹಜ.

ಇನ್ವರ್ಟರಿಗೆ ರಿಟರ್ನ್ ಪಂಪ್ (ಕೆಳಗಿನ ಫಿಲ್ಟರ್ ತೊಟ್ಟಿಯಾದ ಸಂಪಿನಿಂದ ನೀರನ್ನು ಮತ್ತೆ ಟ್ಯಾಂಕಿಗೆ ಏರಿಸುವ ಪಂಪ್) ಒಂದನ್ನು ಜೋಡಿಸಿದರೆ ಸಾಕು. ಹೀಟರ್ ಸೇರಿಸಿದರೆ ಬ್ಯಾಟರಿ ಬೇಗ ಇಳಿಯುತ್ತದೆ. ನೀರು 25-26 ಡಿಗ್ರಿಯಲ್ಲಿರಬೇಕು. ದೀರ್ಘ ಹೊತ್ತು ಕರೆಂಟಿಲ್ಲದಿದ್ದರೆ ಗಾಜಿನ ಸುತ್ತ ಕಂಬಳಿ ಹೊದಿಸಿ, ಬಿಸಿನೀರು ತುಂಬಿದ ಬಾಟಲಿಯನ್ನು ಬಿಗಿಯಾಗಿ ಮುಚ್ಚಿ ಸಂಪಿನಲ್ಲಿ ತೇಲಿಬಿಡಿ.

ಮಲೆನಾಡಿನ ಥಂಡಿಗೆ ಇನ್ನೆರಡು ಎಚ್ಚರ. ಟ್ಯಾಂಕಿನ ನೀರಿಗೆ ಕರಗಿಸುವ ಉಪ್ಪಿನ ಮಿಶ್ರಣದ ಚೀಲ ತೆರೆದಿದ್ದರೆ ತೇವ ಎಳೆದು ಗಟ್ಟಿಯಾಗುತ್ತದೆ. ಅಂಥ ಉಪ್ಪು ಸರಿಯಾಗಿ ಕರಗದೆ ನೀರಿನ ಕ್ಯಾಲ್ಸಿಯಂ, ಆಲ್ಕಲಿನಿಟಿ (ಕ್ಷಾರಗುಣ) ಕಡಿಮೆ ಬರುತ್ತವೆ. ಗಾಳಿಯಾಡದ ಡಬ್ಬದಲ್ಲಿಡಿ. ಎರಡನೆಯದು, ಮಳೆಗಾಲದಲ್ಲಿ ನೀರು ಆರುವುದು ಕಡಿಮೆ. ಬೇಸಿಗೆಯ ಲೆಕ್ಕದಲ್ಲೇ ದಿನಾ ಸಿಹಿನೀರು ಸುರಿದರೆ ಉಪ್ಪಿನ ಪ್ರಮಾಣ ಕುಸಿಯುತ್ತದೆ. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025-1.026 ಇರಬೇಕು. ಬೋರ್‌ವೆಲ್ ನೀರಲ್ಲಿ ಕಬ್ಬಿಣ, ಹೆಂಚಿನಿಂದ ಇಳಿದ ಮಳೆನೀರಲ್ಲಿ ಪಾಚಿ-ಕೊಳೆ. ಎರಡನ್ನೂ ನೇರ ಹಾಕದೆ, ಕರಗಿದ ಲವಣ ತೆಗೆಯುವ ಆರ್‌ಓ-ಡಿಐ ಫಿಲ್ಟರ್ ದಾಟಿಸಿ, ಟಿಡಿಎಸ್ (ನೀರಲ್ಲಿ ಕರಗಿದ ವಸ್ತುಗಳ ಅಳತೆ) 0 ತೋರಿದ ಮೇಲೆ ಬಳಸಿ.