ಐದು ವರ್ಷ ಆಯ್ತಲ್ಲವ್ವಾ ಅಂದಳು ಚಿಕ್ಕಮ್ಮ

ದಾವಣಗೆರೆ
ಜುಲೈ 18, 2025, ಶುಕ್ರವಾರ

ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಬಿಗೆ ಹೋದಾಗ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಕಾಯ್ತಾ ಇತ್ತು. ಮುಚ್ಚಳ ತೆಗೆದೆ. ಮಾಂಸ ಕೆಡದಂತೆ ಕಾಯುವ ಫಾರ್ಮಾಲಿನ್ ದ್ರಾವಣ ಇದ್ದರೆ ಕಣ್ಣು ಉರಿಯಬೇಕು, ಮೂಗಿಗೆ ರಪ್ಪನೆ ಹೊಡೆಯಬೇಕು. ಏನೂ ಇಲ್ಲ. ಬರೀ ಸಲೈನ್. ನಿನ್ನೆ ಮಧ್ಯಾಹ್ನ ಆಪರೇಷನ್ ಮಾಡಿ ತೆಗೆದ ಸ್ತನದ ಗಡ್ಡೆ ರಾತ್ರಿಯಿಡೀ ಉಪ್ಪುನೀರಿನಲ್ಲಿ ಕೂತಿದೆ. ಕಳಿಸಿದ್ದು ಪಕ್ಕದ ತಾಲ್ಲೂಕಿನ ಒಂದು ಸಣ್ಣ ನರ್ಸಿಂಗ್ ಹೋಮ್. ಚೀಟಿಯಲ್ಲಿ ವಯಸ್ಸು 38 ಅಂತ ಇತ್ತು. ಕೆಳಗೆ ಇಆರ್, ಪಿಆರ್, ಹರ್-2 ಮಾಡಿ ಅಂತ ಬರೆದಿದ್ದರು. ಇಆರ್, ಪಿಆರ್ ಅಂದರೆ ಈಸ್ಟ್ರೊಜೆನ್, ಪ್ರೊಜೆಸ್ಟೆರಾನ್ ಹಾರ್ಮೋನುಗಳನ್ನು ಹಿಡಿದುಕೊಳ್ಳುವ ರಿಸೆಪ್ಟರುಗಳು, ಹರ್-2 ಇನ್ನೊಂದು ಪ್ರೋಟೀನು. ಸ್ತನ ಕ್ಯಾನ್ಸರ್ ಕೋಶದಲ್ಲಿ ಇವು ಇವೆಯೋ ಇಲ್ಲವೋ ಅಂತ ನೋಡುವುದು ನಮ್ಮ ಕೆಲಸ.

ಸ್ವಲ್ಪ ಹೊತ್ತು ಸುಮ್ನೆ ನಿಂತುಬಿಟ್ಟೆ. ದೇಹದಿಂದ ಹೊರಗೆ ಬಂದ ಮಾಂಸಕ್ಕೆ ರಕ್ತ ನಿಂತಿರುತ್ತದೆ, ಆ ಕ್ಷಣದಿಂದಲೇ ಅದು ಕೆಡೋಕೆ ಶುರು. ಒಂದು ಗಂಟೆಯ ಒಳಗೆ ಫಾರ್ಮಾಲಿನ್‌ಗೆ ಹೋಗಬೇಕು. ಅಲ್ಲಿ ಕಡಿಮೆ ಅಂದರೆ 6 ಗಂಟೆ, ಜಾಸ್ತಿ ಅಂದರೆ 72 ಗಂಟೆ ನೆನೆಯಬೇಕು. ಇಲ್ಲದಿದ್ದರೆ ನಾವು ಹುಡುಕುವ ರಿಸೆಪ್ಟರ್ ಕೆಟ್ಟುಹೋಗಿ, ಇದ್ದದ್ದೂ ಇಲ್ಲ ಅಂತ ಕಾಣುತ್ತದೆ. ಪಾಸಿಟಿವ್ ಇದ್ದವಳಿಗೆ ನೆಗೆಟಿವ್ ರಿಪೋರ್ಟ್ ಹೋಗುತ್ತದೆ. ನೆಗೆಟಿವ್ ಅಂದ ಮೇಲೆ ಡಾಕ್ಟರು ಹಾರ್ಮೋನ್ ಮಾತ್ರೆ, ಅಂದರೆ ಈಸ್ಟ್ರೊಜೆನ್ನನ್ನು ತಡೆಯುವ ಮಾತ್ರೆ, ಬರೆಯುವುದಿಲ್ಲ. ಅದು ಅವರ ತಪ್ಪಲ್ಲ, ರಿಪೋರ್ಟನ್ನು ನಂಬಿದ್ದಾರೆ ಅಷ್ಟೇ.

ಆ ಮಾತ್ರೆಯ ಬೆಲೆ ಏನು ಅಂತ ಗೊತ್ತಿರುವುದಕ್ಕೇ ನನಗೆ ಇಷ್ಟು ಸಂಕಟ. ಇಆರ್ ಪಾಸಿಟಿವ್ ಇರುವ ಹೆಂಗಸರು ಟ್ಯಾಮಾಕ್ಸಿಫೆನ್ ಅನ್ನುವ ಹಾರ್ಮೋನ್ ಮಾತ್ರೆ ಐದು ವರ್ಷ ತಗೊಂಡರೆ, ಮುಂದಿನ ಹದಿನೈದು ವರ್ಷದಲ್ಲಿ ಈ ಕಾಯಿಲೆಯಿಂದ ಸಾಯುವವರ ಸಂಖ್ಯೆ ಸುಮಾರು ಮೂರನೇ ಒಂದು ಭಾಗದಷ್ಟು ಇಳಿಯುತ್ತದೆ. 2011ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ದೊಡ್ಡ ಲೆಕ್ಕ ಇದು. ಇಆರ್ ನೆಗೆಟಿವ್ ಇದ್ದವರಿಗೆ ಅದೇ ಮಾತ್ರೆಯಿಂದ ಹೆಚ್ಚೇನೂ ಉಪಯೋಗ ಇಲ್ಲ. ಒಂದೇ ಮಾತ್ರೆ, ಇಬ್ಬರಿಗೆ ಎರಡು ಫಲ. ಅವರನ್ನು ಬೇರೆ ಮಾಡಿ ತೋರಿಸೋದು ನಾವು ಗಾಜಿನ ಮೇಲೆ ಅಂಟಿಸುವ ಒಂದು ಚೂರು.

ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡ್ತಾ ಇದ್ದೇನೆ, ಆದರೂ ಆ ಚೂರು ನೋಡಿದಾಗ ಇನ್ನೂ ಮೈ ಜುಮ್ಮೆನ್ನುತ್ತದೆ. ಗಡ್ಡೆಯ ತುಂಡನ್ನು ಹುದುಗಿಸಿದ ಮೇಣದ ಬ್ಲಾಕಿನಿಂದ ಮೂರು-ನಾಲ್ಕು ಮೈಕ್ರಾನ್ ದಪ್ಪಕ್ಕೆ ಕೊಯ್ಯುತ್ತೇವೆ. ಬಿಸಿನೀರಿನ ಮೇಲೆ ತೇಲಿಬಿಟ್ಟರೆ ಹಾಲಿನ ಕೆನೆಗಿಂತ ತೆಳ್ಳಗೆ ಹರಡಿಕೊಳ್ಳುತ್ತದೆ. ಸ್ಲೈಡಿಗೆ ಎತ್ತಿ, ಮೇಣ ಕರಗಿಸಿ, ಬಫರ್‌ನಲ್ಲಿ ಮುಳುಗಿಸಿ ಪ್ರೆಷರ್ ಕುಕ್ಕರ್‌ನಲ್ಲಿ ಇಡುತ್ತೇವೆ. ಹೌದು, ಅಡುಗೆಮನೆಯಲ್ಲಿ ಇರುವಂಥದ್ದೇ ಕುಕ್ಕರ್. ಆಮೇಲೆ ರಿಸೆಪ್ಟರ್‌ಗೆ ಹೋಗಿ ಅಂಟಿಕೊಳ್ಳುವ ಆಂಟಿಬಾಡಿ, ಆಮೇಲೆ ಬಣ್ಣ. ರಿಸೆಪ್ಟರ್ ಇದ್ದರೆ ಜೀವಕೋಶದ ನ್ಯೂಕ್ಲಿಯಸ್ ಕಂದು ಬಣ್ಣಕ್ಕೆ ತಿರುಗುತ್ತದೆ, ಒಗ್ಗರಣೆಯಲ್ಲಿ ಸಿಡಿದ ಸಾಸಿವೆ ಹಾಗೆ. ಇಲ್ಲದಿದ್ದರೆ ಎಲ್ಲಾ ನೀಲಿ. ನೂರು ಕೋಶದಲ್ಲಿ ಒಂದು ಕಂದಾದರೂ ಪಾಸಿಟಿವ್ ಅಂತಲೇ ಲೆಕ್ಕ. ಒಂದರಿಂದ ಹತ್ತರವರೆಗೆ ಇದ್ದರೆ ‘ಲೋ ಪಾಸಿಟಿವ್’ ಅಂತ ಬರೆಯುತ್ತೇವೆ. ಅಂಥವರಿಗೆ ಮಾತ್ರೆ ಎಷ್ಟು ಹಿಡಿಯುತ್ತದೆ ಅನ್ನುವುದು ಇನ್ನೂ ಅಷ್ಟು ಸ್ಪಷ್ಟ ಇಲ್ಲ.

ಮಾತ್ರೆಯ ಕತೆಯೂ ನನಗೆ ಇಷ್ಟ. 1896ರಲ್ಲಿ ಗ್ಲಾಸ್ಗೋದ ಸರ್ಜನ್ ಬೀಟ್ಸನ್, ಸ್ತನ ಕ್ಯಾನ್ಸರ್ ಇದ್ದ ಹೆಂಗಸಿನ, ಈಸ್ಟ್ರೊಜೆನ್ ತಯಾರಿಸುವ ಅಂಡಾಶಯ ತೆಗೆದಾಗ ಗಡ್ಡೆ ಕರಗಿದ್ದನ್ನು ಬರೆದಿಟ್ಟರು. ಆಗ ಹಾರ್ಮೋನ್ ಅನ್ನುವ ಪದವೇ ಹುಟ್ಟಿರಲಿಲ್ಲ. 1962ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ಡೋರಾ ರಿಚರ್ಡ್‌ಸನ್ ಅನ್ನುವ ಕೆಮಿಸ್ಟ್ ಟ್ಯಾಮಾಕ್ಸಿಫೆನ್ ಮಾಡಿದರು. ಅವರ ತಂಡ ಹುಡುಕುತ್ತಿದ್ದದ್ದು ಗರ್ಭ ನಿಲ್ಲದಂತೆ ತಡೆಯುವ ಮಾತ್ರೆ. ಆ ಕೆಲಸಕ್ಕೆ ಅದು ಬರಲಿಲ್ಲ, ಈ ಕೆಲಸಕ್ಕೆ ಬಂತು.

ಇರಲಿ. ನಮ್ಮ ಮೇಡಂ ನರ್ಸಿಂಗ್ ಹೋಮಿಗೆ ಫೋನ್ ಮಾಡಿದರು. ಜೋರು ಮಾಡಲಿಲ್ಲ, ಆಪರೇಷನ್‌ಗೆ ಮೊದಲು ಸೂಜಿ ಬಯಾಪ್ಸಿ, ಅಂದರೆ ಗಡ್ಡೆಯಿಂದ ಸೂಜಿಯಲ್ಲಿ ಎಳೆ ತೆಗೆದು ನೋಡುವ ಪರೀಕ್ಷೆ, ಮಾಡಿಸಿದ್ದೀರಾ ಅಂತ ಮಾತ್ರ ಕೇಳಿದರು. ಮಾಡಿಸಿದ್ದಾರಂತೆ, ಬೇರೆ ಊರಿನ ಲ್ಯಾಬಿನಲ್ಲಿ. ಸೂಜಿಯ ಎಳೆ ಸಣ್ಣದು, ಕೂಡಲೇ ಫಾರ್ಮಾಲಿನ್‌ಗೆ ಬಿದ್ದಿರುತ್ತದೆ. ಆ ಬ್ಲಾಕ್ ತರಿಸಿ, ಇಆರ್ ಅದರ ಮೇಲೆ ಮಾಡೋಣ, ಅಲ್ಲಿವರೆಗೆ ರಿಪೋರ್ಟ್ ಬೇಡ ಅಂದರು. ನಾನು ನಮ್ಮ ಸ್ಟೋರಿನಿಂದ ಫಾರ್ಮಾಲಿನ್ ತುಂಬಿದ ಆರು ಡಬ್ಬಿ ಕಟ್ಟಿ ಆ ನರ್ಸಿಂಗ್ ಹೋಮಿಗೆ ಕಳಿಸಿದೆ. ನಮ್ಮ ದೇಶದಲ್ಲಿ ಹತ್ತು ಸ್ತನ ಕ್ಯಾನ್ಸರ್‌ನಲ್ಲಿ ಮೂರರಷ್ಟು ಟ್ರಿಪಲ್ ನೆಗೆಟಿವ್, ಅಂದರೆ ಇಆರ್, ಪಿಆರ್, ಹರ್-2 ಮೂರೂ ನೆಗೆಟಿವ್, ಅನ್ನುತ್ತಾರೆ, ಪಶ್ಚಿಮದ ದೇಶಗಳಿಗಿಂತ ಜಾಸ್ತಿ. ಅದರಲ್ಲಿ ಒಂದು ಪಾಲು ಇಂಥ ಡಬ್ಬಿಗಳಿಂದ ಹುಟ್ಟಿದ ನೆಗೆಟಿವ್ ಇರಬಹುದು ಅನ್ನುವ ಅನುಮಾನ ನಮ್ಮ ಕಸುಬಿನವರಿಗೆ ಮೊದಲಿನಿಂದಲೂ ಇದೆ.

ಸಂಜೆ ಚಿಕ್ಕಮ್ಮನ ಮನೆಗೆ ಹೋದೆ. ಆಷಾಢದ ಕಡೇ ಶುಕ್ರವಾರ. ದುಗ್ಗಮ್ಮನ ಗುಡಿಗೆ ಹೋಗಿ ಬಂದು, ಹಣೆ ತುಂಬ ಕುಂಕುಮ ಇಟ್ಕೊಂಡು ಕೂತಿದ್ದಳು. ಅವಳ ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಈ ವಾರಕ್ಕೆ ಐದು ವರ್ಷ. ಅದಕ್ಕೇ ಹೋಳಿಗೆ ಮಾಡಿಸಿದ್ದಳು. ಕೆಳಗಿನ ಮನೆ ಅಕ್ಕನೂ ಬಂದಿದ್ದರು. ಅವರಿಗೂ ಅದೇ ವರ್ಷ ಆಗಿತ್ತು. ಇಬ್ಬರೂ ಕೀಮೋಗೆ ಒಂದೇ ಆಟೋದಲ್ಲಿ ಹೋಗಿ ಬರುತ್ತಿದ್ದರು.

ನೀರು ಕುಡಿಯೋಕೆ ಒಳಗೆ ಹೋದೆ. ಫ್ರಿಜ್ ಮೇಲಿನ ಬಿಸ್ಕತ್ತಿನ ಡಬ್ಬಿಯಲ್ಲಿ ಅವಳ ಮಾತ್ರೆ ಇರುತ್ತವೆ. ಯಾಕೋ ತೆಗೆದು ನೋಡಿದೆ. ದಿನಕ್ಕೊಂದು ತಗೋಬೇಕಾದ ಹಾರ್ಮೋನ್ ಮಾತ್ರೆ ಲೆಟ್ರೊಜೋಲ್‌ನ ಏಳು ತುಂಬಿದ ಹಾಳೆ, ಇನ್ನೊಂದರಲ್ಲಿ ನಾಲ್ಕು ಮಾತ್ರೆ. ಎಪ್ಪತ್ತನಾಲ್ಕು. ಏಪ್ರಿಲ್ 10ಕ್ಕೆ ತೊಂಬತ್ತು ಮಾತ್ರೆ ತಂದುಕೊಟ್ಟವಳು ನಾನೇ. ಅಂದರೆ ಬಸವ ಜಯಂತಿ ಬರುವುದರೊಳಗೇ ನಿಲ್ಲಿಸಿಬಿಟ್ಟಿದ್ದಾಳೆ.

“ಐದು ವರ್ಷ ಆಯ್ತಲ್ಲವ್ವಾ. ದುಗ್ಗಮ್ಮ ಕಾಪಾಡಿದ್ಲು. ಇನ್ನು ಆ ಗುಳಿಗೆ ಯಾಕೆ?” ಅಂದಳು. ಆಮೇಲೆ ಕೈ ಮುಂದೆ ಚಾಚಿ ಮುಷ್ಟಿ ಹಿಡಿದು ತೋರಿಸಿದಳು. ಬೆರಳು ಅರ್ಧಕ್ಕೇ ನಿಂತವು. “ಬೆಳಿಗ್ಗೆ ಎದ್ರೆ ಇಷ್ಟೇ ಮಡಚೋದು. ರೊಟ್ಟಿ ಬಡಿಯೋಕೆ ಆಗ್ತಾ ಇರ್ಲಿಲ್ಲ. ನಿಲ್ಲಿಸಿದ ಮೇಲೆ ಎಷ್ಟೋ ಹಗುರ ಆಗೈತಿ.”

ಬೈಯೋಕೆ ಬಾಯಿ ಬರಲಿಲ್ಲ. ಆ ನೋವು ಸುಳ್ಳಲ್ಲ. ಮುಟ್ಟು ನಿಂತ ಮೇಲೂ ಮೈಯಲ್ಲಿ ಸ್ವಲ್ಪ ಈಸ್ಟ್ರೊಜೆನ್ ತಯಾರಾಗುತ್ತಲೇ ಇರುತ್ತದೆ, ಕೊಬ್ಬಿನಲ್ಲಿ, ಮಾಂಸಖಂಡದಲ್ಲಿ. ಲೆಟ್ರೊಜೋಲ್ ಅದನ್ನೂ ಕಟ್ಟಿಹಾಕುತ್ತದೆ. ಗಡ್ಡೆಗೆ ಊಟ ಸಿಗುವುದಿಲ್ಲ. ಆದರೆ ಕೀಲಿಗೂ ಮೂಳೆಗೂ ಅದೇ ಈಸ್ಟ್ರೊಜೆನ್ ಬೇಕು, ಅವೂ ಒಣಗುತ್ತವೆ. ಇಷ್ಟು ದಿನ ಯಾರೂ ಅವಳ ಬೆರಳು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಆದರೂ ಅವಳು ಐದು ವರ್ಷ ಎಣಿಸಿದ್ದು ಆಪರೇಷನ್‌ನಿಂದ. ಕೀಮೋ, ರೇಡಿಯೇಷನ್ ಮುಗಿಸಿ ಮಾತ್ರೆ ಶುರುವಾದದ್ದು 2021ರ ಜನವರಿಯಲ್ಲಿ. ಮಾತ್ರೆಗೆ ಇನ್ನೂ ಐದು ತುಂಬಿಲ್ಲ. ಅದಕ್ಕಿಂತ ದೊಡ್ಡ ಮಾತು ಬೇರೆ ಇತ್ತು. ಗೋಡೆಯ ಕ್ಯಾಲೆಂಡರಿನ ಹಳೇ ಹಾಳೆ ಹರಿದು, ಹಿಂಭಾಗದಲ್ಲಿ ಕಾಯಿಲೆ ಮರುಕಳಿಸುವ ಭಯ ಯಾವ ವರ್ಷ ಎಷ್ಟು ಅಂತ ತೋರಿಸುವ ಎರಡು ಗೆರೆ ಎಳೆದೆ.

ಒಂದು ಗೆರೆ ಅಕ್ಕನದು. 2020ರಲ್ಲಿ ಅವರ ಸ್ಲೈಡ್ ನಾನೇ ಮಾಡಿದ್ದು. ಎಲ್ಲಾ ನೀಲಿ. ಅವತ್ತು ಬಾತ್‌ರೂಮಿಗೆ ಹೋಗಿ ಅತ್ತಿದ್ದೆ. ಟ್ರಿಪಲ್ ನೆಗೆಟಿವ್ ಮರುಕಳಿಸುವುದಿದ್ದರೆ ಬಹುಪಾಲು ಮೊದಲ ಮೂರು ವರ್ಷದೊಳಗೇ ಮರುಕಳಿಸುತ್ತದೆ. ಗೆರೆ ಗುಡ್ಡದ ಹಾಗೆ ಏರುತ್ತದೆ, ಆಮೇಲೆ ಇಳಿಯುತ್ತದೆ. ಐದು ದಾಟಿದರೆ ಭಯ ಬಹಳ ಕಮ್ಮಿ. ಅಕ್ಕ ದಾಟಿದ್ದಾರೆ. ಅವರ ಹೋಳಿಗೆ ನ್ಯಾಯವಾದ ಹೋಳಿಗೆ.

ಇನ್ನೊಂದು ಚಿಕ್ಕಮ್ಮನದು. ಇಆರ್‌ನಲ್ಲಿ ಎಂಟಕ್ಕೆ ಎಂಟು ಅಂಕ, ಅಂದರೆ ಪೂರ್ತಿ ಪಾಸಿಟಿವ್. ಮೊದಲ ಐದು ವರ್ಷ ಅವಳ ಗೆರೆ ಅಕ್ಕನದಕ್ಕಿಂತ ಎಷ್ಟೋ ಕೆಳಗೆ. ಅದಕ್ಕೇ ಎಲ್ಲರೂ ‘ಒಳ್ಳೆ ಕ್ಯಾನ್ಸರ್’ ಅಂದರು. ಆ ಮಾತು ನನಗೆ ಯಾವತ್ತೂ ಹಿಡಿಸಿಲ್ಲ. ಯಾಕೆಂದರೆ ಈ ಗೆರೆ ಇಳಿಯೋದೇ ಇಲ್ಲ, ಬಯಲುಸೀಮೆ ರಸ್ತೆ ಹಾಗೆ ಮಟ್ಟಸವಾಗಿ ಹೋಗ್ತಾನೇ ಇರುತ್ತದೆ. 2017ರಲ್ಲಿ 88 ಅಧ್ಯಯನಗಳ 62,923 ಹೆಂಗಸರ ಲೆಕ್ಕ ಬಂತು. ಎಲ್ಲರೂ ಇಆರ್ ಪಾಸಿಟಿವ್, ಐದು ವರ್ಷಕ್ಕೆ ಮಾತ್ರೆ ನಿಲ್ಲಿಸಿದವರು, ಆಗ ಕಾಯಿಲೆಯ ಸುಳಿವೇ ಇಲ್ಲದವರು. ಚಿಕ್ಕಮ್ಮನ ಹಾಗೆ ಎರಡು ಸೆಂಟಿಮೀಟರ್ ದಾಟಿದ, ಐದು ದಾಟದ ಗಡ್ಡೆ, ಕಂಕುಳ ದುಗ್ಧಗ್ರಂಥಿಯ ಗಂಟುಗಳಿಗೆ ಹರಡದೆ ಚೊಕ್ಕ ಇದ್ದವರಲ್ಲಿ, ಐದನೇ ವರ್ಷದಿಂದ ಇಪ್ಪತ್ತನೇ ವರ್ಷದೊಳಗೆ ನೂರಕ್ಕೆ ಸುಮಾರು 19 ಜನರಿಗೆ ದೂರದ ಅಂಗಗಳಲ್ಲಿ ಮತ್ತೆ ಕಾಣಿಸಿಕೊಂಡಿತು. ಗಡ್ಡೆ ಅಷ್ಟೇ ಇದ್ದು ನಾಲ್ಕರಿಂದ ಒಂಬತ್ತು ಗಂಟುಗಳಿಗೆ ಹರಡಿದ್ದವರಲ್ಲಿ ನೂರಕ್ಕೆ 41. ಅವರೆಲ್ಲ ಹಿಂದಿನ ಕಾಲದ ಚಿಕಿತ್ಸೆ ಪಡೆದವರು, ಇವತ್ತಿನವರಿಗೆ ಇದಕ್ಕಿಂತ ಕಮ್ಮಿ ಇರಬೇಕು. ಸೊನ್ನೆಯಂತೂ ಅಲ್ಲ.

ಅಂಕಿ ಅಂಶ ಎಲ್ಲಾ ಅವಳಿಗೆ ಹೇಳಲಿಲ್ಲ. ಗೆರೆ ತೋರಿಸಿದೆ ಅಷ್ಟೇ. ಬಹಳ ಹೊತ್ತು ನೋಡಿದಳು. “ಹಂಗಾರೆ ನಂದು ಮುಗಿಯಂಗಿಲ್ಲೇನು?” ಅಂತ ಕೇಳಿದಳು. ಎದೆ ಹಿಂಡಿದಂತಾಯಿತು.

ಅಕ್ಕ ಅವಳ ಕೈ ಹಿಡ್ಕೊಂಡರು. “ನಂಗೆ ತಗೋಳಾಕೆ ಗುಳಿಗೆನೇ ಇರ್ಲಿಲ್ಲವ್ವ. ಕೀಮೋ ಮುಗಿಸಿ ಸುಮ್ನೆ ದೇವರ ಮೇಲೆ ಭಾರ ಹಾಕಿ ಕೂತಿದ್ದೆ. ನಿಂಗೆ ಐತಿ, ತಗೋ.” ನಾನು ಏನು ಹೇಳಿದ್ದರೂ ಇಷ್ಟು ನಾಟುತ್ತಿರಲಿಲ್ಲ.

ನಾನು ಹೇಳಿದ್ದು ಇಷ್ಟೇ. ಅದೇ ಮಾತ್ರೆ ಅಂತಲ್ಲ. ಲೆಟ್ರೊಜೋಲ್ ಆಗದಿದ್ದರೆ ಅನಾಸ್ಟ್ರೊಜೋಲ್ ಇದೆ, ಎಕ್ಸಿಮೆಸ್ಟೇನ್ ಇದೆ, ಟ್ಯಾಮಾಕ್ಸಿಫೆನ್ ಇದೆ. ಒಂದು ಹಿಡಿಸದವರಿಗೆ ಇನ್ನೊಂದು ಹಿಡಿಸಬಹುದು. ದಿನಾ ನಡೆದರೆ ಕೀಲುನೋವು ಸ್ವಲ್ಪ ತಗ್ಗಬಹುದು. ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್, ವಿಟಮಿನ್ ಡಿ ನೋಡಿಸಬೇಕು. ಐದಕ್ಕೆ ನಿಲ್ಲಿಸೋದಾ, ಏಳಕ್ಕಾ, ಹತ್ತಕ್ಕಾ ಅನ್ನೋದು ಡಾಕ್ಟರ ಹತ್ತಿರ ಕೂತು ತೀರ್ಮಾನ ಮಾಡೋ ಮಾತು. ಗಂಟುಗಳು ಚೊಕ್ಕ ಇದ್ದವರಿಗೆ ಹತ್ತು ವರ್ಷ ಎಳೆಯೋದರಿಂದ ಸಿಗುವ ಲಾಭ ಸಣ್ಣದು, ಅವರು ನಿಲ್ಲಿಸು ಅಂದರೂ ಅನ್ನಬಹುದು. ಅವರು ಅಂದರೆ ನಿಲ್ಲಿಸೋಣ. ಹೇಳದೆ ನಿಲ್ಲಿಸೋದು ಬೇಡ.

ಸೋಮವಾರ ಹನ್ನೊಂದಕ್ಕೆ ಡಾಕ್ಟರ ಹತ್ತಿರ ಟೋಕನ್ ತಗೊಂಡಿದ್ದೇನೆ. ಬಿಸ್ಕತ್ತಿನ ಡಬ್ಬಿಯನ್ನು ಹಾಗೇ ಚೀಲದಲ್ಲಿ ಹಾಕಿಕೊಂಡು ಬಾ, ಮಾತ್ರೆ ಬಚ್ಚಿಡಬೇಡ, ಕೈ ಮುಷ್ಟಿ ಹಿಡಿದು ಅವರಿಗೂ ತೋರಿಸು ಅಂದಿದ್ದೇನೆ. ಹೂಂ ಅಂದಳು. ಕ್ಯಾಲೆಂಡರಿನ ಹಾಳೆ ಮಡಚಿ ಸೆರಗಿನ ಗಂಟಿಗೆ ಸಿಕ್ಕಿಸಿಕೊಂಡಳು.

ರಾತ್ರಿ ಒಂಬತ್ತೂವರೆಗೆ ಮೇಡಂ ಮೆಸೇಜು. ಆ 38ರ ಹೆಣ್ಮಗಳ ಅಣ್ಣ ಬಯಾಪ್ಸಿ ಬ್ಲಾಕ್ ಇಸ್ಕೊಂಡಿದ್ದಾನೆ, ನಾಳೆ ಮೊದಲ ಬಸ್ಸಿಗೆ ತರ್ತಾನೆ. ಎಂಟಕ್ಕೇ ಹೋಗಿ ಕುಕ್ಕರ್ ಇಡಬೇಕು.