ತೊಟ್ಟಿಮನೆ ರಿಪೇರಿ: ಹೆಂಚಿನ ಮೇಲೆ 1865

ಸಂಕ್ರಾಂತಿಗೆ ಊರಿಗೆ ಹೋಗಿ ನಾಲ್ಕು ದಿನ ಜಾಸ್ತಿಯೇ ಇದ್ದು ಬಂದೆ. ಪಾಂಡವಪುರದ ಹತ್ತಿರ ಇರುವ ನಮ್ಮ ತೊಟ್ಟಿಮನೆಯ ಕೆಲಸ ಮೂರನೇ ತಿಂಗಳಿಗೆ ಬಿತ್ತು. ಪಡಸಾಲೆ ಗೋಡೆ ಮುಗಿಸಿಬಿಡೋಣ ಅಂದುಕೊಂಡಿದ್ದೆ. ಅರ್ಧವೂ ಆಗಿಲ್ಲ.

ಮೊದಲು ಅಡುಗೆಮನೆ ಮೇಲಿನ ಹೆಂಚು ಇಳಿಸಿದೆವು. ಚಿಕ್ಕಪ್ಪ ಒಂದು ಹೆಂಚನ್ನು ಬೋರಲು ಹಾಕಿ ಟವೆಲ್ಲಿನಿಂದ ಒರೆಸಿದರು. ಬಾಸೆಲ್ ಮಿಷನ್ ಅಂತ ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ 1865.

"ನೋಡ್ಲಾ, ಮನೆ ಕಟ್ಟಿದ ಇಸ್ವಿನೇ ಬರ್ದವ್ರೆ!"

ಮನೆಮಂದಿಗೆಲ್ಲ ಖುಷಿ. ಸಂಜೆವರೆಗೂ ನಾನೂ ನಂಬಿದ್ದೆ. ಆದರೆ 1865 ಅಂದರೆ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಆಮೇಲೆ ಬಂದ ಹೆಂಚಿನ ಮೇಲೂ ಅದನ್ನೇ ಒತ್ತುತ್ತಿದ್ದರು. ಅಂಗಡಿ ಬೋರ್ಡಿನ ಮೇಲೆ ಶುರುವಾದ ವರ್ಷ ಬರೆಸುತ್ತಾರಲ್ವಾ, ಹಾಗೆ.

ಅಷ್ಟಕ್ಕೇ ಮುಗಿಯಲಿಲ್ಲ. ಹೆಂಚು ಇಳಿದ ಮೇಲೆ ಗೋಡೆಯ ತುದಿ ಬಿಸಿಲಿಗೆ ಬಿತ್ತು. ಈಗಿನ ಚಾವಣಿಗಿಂತ ಒಂದು ಗೇಣು ಕೆಳಗೆ ಓರೆಯಾಗಿ ಹೋದ ಮಸಿಗೆರೆ. ಅದರ ಕೆಳಗೆ ಗೋಡೆಯೆಲ್ಲ ಒಲೆಹೊಗೆಗೆ ಕಪ್ಪಾಗಿದೆ, ಮೇಲಿನ ಗೇಣು ಬರೀ ಮಣ್ಣಿನ ಬಣ್ಣ. ಅಂದರೆ ಮೊದಲಿನ ಚಾವಣಿ ಅಲ್ಲಿತ್ತು. ಅಟ್ಟದ ಮೂಲೆಯಲ್ಲಿ ಕುಂಬಾರರು ಮಾಡಿದ ನಾಡಹೆಂಚು ಒಂದು ರಾಶಿ ಇದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು. ಮಂಗಳೂರು ಹೆಂಚು ಹಾಕುವಾಗ ಗೋಡೆ ಎತ್ತರಿಸಿ ಹೆಂಚು ಹೊರುವ ಹೊಸ ಮರದ ತೀರು, ರೀಪು ಕೂರಿಸಿದ್ದಾರೆ.

ಇದನ್ನು ಹೇಳಿದರೆ ಚಿಕ್ಕಪ್ಪ, "ಹಂಗಾದ್ರೆ ಮನೆ ಹೆಂಚಿಗಿಂತ ಹಳೇದು ಅನ್ನು" ಅಂತ ಮತ್ತೆ ಗೆದ್ದರು.

ಇನ್ನು ಪಡಸಾಲೆ. ಇಪ್ಪತ್ತು ವರ್ಷದ ಹಿಂದೆ ನಾವೇ ಮಣ್ಣುಗೋಡೆಗೆ ಸಿಮೆಂಟ್ ಬಳಿಸಿದ್ದೆವು. ತಟ್ಟಿದರೆ ಡಬ್ ಡಬ್ ಅನ್ನುತ್ತಿತ್ತು. ಮೇಸ್ತ್ರಿ ಉಳಿ ಇಟ್ಟ ಕೂಡಲೇ ರೊಟ್ಟಿಯಂತೆ ಎದ್ದು ಬಂತು. ಹಿಂದಿನ ಮಣ್ಣು ಬೆರಳಿಗೆ ಮೆತ್ತಗೆ ಅಂಟಿತು. ನೆಲದಿಂದ ಏರಿದ ತೇವ ಸಿಮೆಂಟಿನ ಹಿಂದೆ ಸಿಕ್ಕಿಕೊಂಡು ಗೋಡೆಯನ್ನು ಒಳಗೇ ಕೊಳೆಸಿದೆ. ಸುಣ್ಣದ ಗಾರೆ ಆ ತೇವವನ್ನು ಹೊರಗೆ ಬಿಡುತ್ತದೆ.

ಹಾಗಾಗಿ ಮತ್ತೆ ಗಾರೆ. ನೀರು ಹಾಕಿ ಅರಳಿಸಿದ ಸುಣ್ಣ, ಮರಳು, ಇಟ್ಟಿಗೆ ಪುಡಿಯ ಸುರ್ಕಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು. 1911ರಲ್ಲಿ ಕಟ್ಟಲು ಶುರು ಮಾಡಿದ ಕನ್ನಂಬಾಡಿ ಕಟ್ಟೆಗೂ ಸುಣ್ಣ-ಸುರ್ಕಿಯ ಗಾರೆಯೇ! ನಾವು ಬಳಿದ ಮೊದಲ ಗಾರೆಪಟ್ಟಿ ಮಾತ್ರ ಎರಡೇ ದಿನಕ್ಕೆ ಬಿರುಕು ಬಿಟ್ಟಿತು. ತಪ್ಪು ನನ್ನದೇ, ಬಿಸಿಲಿಗೆ ಒಣಗಲು ಬಿಟ್ಟೆ. ಈಗ ಒದ್ದೆ ಗೋಣಿಚೀಲ ನೇತುಹಾಕಿ ದಿನಕ್ಕೆ ಮೂರು ಸಲ ನೀರು ಚಿಮುಕಿಸುತ್ತಿದ್ದೇವೆ.

ಆದರೂ ಮಳೆ ನಿಂತು ಇಷ್ಟು ದಿನವಾದರೂ ಗೋಡೆಬುಡ ಯಾಕೆ ಒದ್ದೆ ಅನ್ನೋದು ತಲೆ ತಿನ್ನುತ್ತಿತ್ತು. ಹೊರಡುವ ದಿನ ಚಿಕ್ಕಮ್ಮ ತೊಟ್ಟಿಯಲ್ಲಿ ಪಾತ್ರೆ ತೊಳೆದು ನೀರು ಚೆಲ್ಲಿದರು. ಹಿತ್ತಿಲ ಕಡೆ ಹೋಗಿ ನೋಡಿದೆ, ತೊಟ್ಟಿಯ ನೀರು ಹೊರಗೆ ಹೋಗಬೇಕಾದ ಕಲ್ಲುದೋಣಿಯಿಂದ ಒಂದು ಹನಿಯೂ ಬರಲಿಲ್ಲ. ಮುಂದಿನ ಭಾನುವಾರ ಗೋಡೆ ಕೆಲಸ ನಿಲ್ಲಿಸಿ ತೊಟ್ಟಿಯ ಚಪ್ಪಡಿ ಎಬ್ಬಿಸುತ್ತೇವೆ.